ರುಮಾಲಿನ ಅಳತೆಗೆ ಕಟ್ಟಿದ ಕಾರು

ನಮ್ಮ ಮನೆಯಲ್ಲಿ ಒಂದು ಹಳದಿ ಬಟ್ಟೆಯಿದೆ. ಕರವಸ್ತ್ರಕ್ಕಿಂತ ದೊಡ್ಡದು, ಟವೆಲ್ಲಿಗಿಂತ ಚಿಕ್ಕದು, ಮುಟ್ಟಿದರೆ ಬೆಕ್ಕಿನ ಹೊಟ್ಟೆಯಷ್ಟು ಮೃದು. ಮೊನ್ನೆ ನನ್ನ ಹೆಂಡತಿ ಸುಮಾ ಅದನ್ನು ನೀರಿನಲ್ಲಿ ಅದ್ದಿ, ಗ್ಯಾಸ್ ಒಲೆಯ ಮೇಲೆ ಉಕ್ಕಿದ ಹಾಲನ್ನು ಒರೆಸುತ್ತಿದ್ದಳು. ಪೇಪರ್ ಓದುತ್ತ ಕೂತಿದ್ದ ನಾನು ದಡಕ್ಕನೆ ಎದ್ದು, "ಅದರಲ್ಲಿ ಬೇಡ ಕಣೇ" ಎಂದುಬಿಟ್ಟೆ.

"ಯಾಕೆ, ಇದೇನು ದೇವರ ಬಟ್ಟೆಯಾ?" ಎಂದಳು.

ಒಂದು ಕಾಲದಲ್ಲಿ ಆಗಿತ್ತು. ನಿಮಗೆ ಹೇಳಿದರೆ ನಗುತ್ತೀರಿ. ವಿಶಾಖಪಟ್ಟಣದಲ್ಲಿದ್ದಾಗ ಕೆಲವು ವರ್ಷ, ಭಾನುವಾರ ಬೆಳಿಗ್ಗೆಯಾದರೆ ನಾನು ಈ ಬಟ್ಟೆ ಹಿಡಿದುಕೊಂಡು ಹೋಗಿ ಒಬ್ಬ ಮೂಳೆ ಡಾಕ್ಟರ ಕಾರಿನ ಹಿಂದಿನ ಎಡ ಮಡ್ಗಾರ್ಡನ್ನು ಒರೆಸುತ್ತಿದ್ದೆ. ಕೂಲಿಗಲ್ಲ. ಅದೊಂದು ಗೌರವವೆಂದು ನನಗೆ ಹೇಳಲಾಗಿತ್ತು. ಬ್ಯಾಂಕಿನಲ್ಲಿ ನಾನು ಆಫೀಸರು. ನನ್ನ ಸ್ವಂತ ಸ್ಕೂಟರ್ ಶುದ್ಧವಾಗುತ್ತಿದ್ದದ್ದು ಮಳೆ ಬಂದಾಗ ಮಾತ್ರ, ಆ ಕೆಲಸವನ್ನೂ ಮಳೆಗೇ ಬಿಟ್ಟಿದ್ದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಬ್ಯಾಂಕು ನನ್ನನ್ನು ಚಿತ್ರದುರ್ಗದಿಂದ ಎತ್ತಿ ಗಾಜುವಾಕದ ಶಾಖೆಯಲ್ಲಿ ಇಳಿಸಿತು. ಗಾಜುವಾಕವೆಂದರೆ ವಿಶಾಖಪಟ್ಟಣದ ಅಂಚು. ಉಕ್ಕಿನ ಕಾರ್ಖಾನೆಯ ಶಿಫ್ಟು ಬಿಟ್ಟರೆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನ ಒಳ್ಳೆಯವರು, ಮರ್ಯಾದೆಯ 'ಅಂಡಿ' ಸೇರಿಸದೆ ಯಾರನ್ನೂ ಬೈಯುವುದೂ ಇಲ್ಲ. ಆದರೆ ಕನ್ನಡ ನನ್ನ ಕಿವಿಗೆ ಬೀಳುತ್ತಿದ್ದದ್ದು ಮನೆಯೊಳಗೆ ಮಾತ್ರ, ಅದೂ ಬಹುಪಾಲು ನನ್ನ ತಪ್ಪುಗಳನ್ನು ಕುರಿತದ್ದು. ಹೊರಗಿನವರ ಕನ್ನಡಕ್ಕೆ ನಾನು ಎಷ್ಟು ಹಪಹಪಿಸುತ್ತಿದ್ದೆನೆಂದರೆ, ಕರ್ನಾಟಕದ ಲಾರಿ ಕಂಡರೆ ಅದರ ಬೆನ್ನ ಮೇಲೆ ಬರೆದದ್ದನ್ನು ಓದಲು ಸ್ಕೂಟರಿನಲ್ಲಿ ಹಿಂದೆಯೇ ಹೋಗುತ್ತಿದ್ದೆ. ಹಾಗೆ ಒಂದು ದಿನ ಲಾರಿ ಬ್ರೇಕ್ ಹಾಕಿತು, ನಾನು ಹಾಕಲಿಲ್ಲ. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕೈಯನ್ನು ಎಳೆದು ಮೂಳೆ ಕೂಡಿಸುವಾಗ ನನ್ನ ಬಾಯಿಂದ "ಯವ್ವಾ" ಎಂದು ಬಂತು. ಅವರು ಎಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿದರು.

"ಯಾವ ಊರಂಡಿ ನಿಮ್ದು?"

"ದುರ್ಗ."

"ನಂದು ದಾವಣಗೆರೆ ಕಣ್ರೀ. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾತು. ಯವ್ವಾ ಅಂತ ಅಳೋರ್ನ ನೋಡಿ ಎಷ್ಟು ಕಾಲಾತು ಅಂತೀನಿ."

ಹೀಗೆ ಊರಿನ ಸುಖದುಃಖ ಮಾತಾಡಿ, ಆಮೇಲೆ ನೆನಪಿಸಿಕೊಂಡು, ಉಳಿದರ್ಧವನ್ನೂ ಎಳೆದರು.

ಇವರೇ ಡಾಕ್ಟರ್ ವಿರೂಪಾಕ್ಷಪ್ಪ. ವಿಶಾಖಪಟ್ಟಣಕ್ಕೆ ಅಷ್ಟುದ್ದದ ಹೆಸರು ಹೊರಲಾಗದೆ ಅವರು ಡಾಕ್ಟರ್ ವಿ.ಪಿ. ಆಗಿದ್ದರು. ಮಗಳು ಅಪ್ಪನನ್ನು 'ನಾನ್ನಾ' ಎಂದು ಕರೆದು ತೆಲುಗಿನಲ್ಲೇ ಜಗಳವಾಡುತ್ತಿದ್ದಳು. ಮನೆಯ ಬೆಣ್ಣೆದೋಸೆಗೆ ಪುಂಡಿಸೊಪ್ಪಿನ ಗೋಂಗೂರ ಚಟ್ನಿ. ಇದನ್ನು ನಾನು ಆಡಿಕೊಳ್ಳಲು ಹೇಳುತ್ತಿಲ್ಲ. ಗೋಂಗೂರ ಚಟ್ನಿ ಬೆಣ್ಣೆದೋಸೆಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಹೀಗೆ ಹೆಸರು, ಮಾತು, ಊಟ ಎಲ್ಲವನ್ನೂ ಬದಲಾಯಿಸಿಕೊಂಡು ಹಾಯಾಗಿದ್ದ ಮನುಷ್ಯನಿಗೆ ಜಗತ್ತಿನಲ್ಲಿ ಒಂದೇ ಒಂದು ವಸ್ತು ಮಾತ್ರ 'ಒರಿಜಿನಲ್' ಆಗಿರಬೇಕಿತ್ತು. ಅದು ಕಾರು.

ಎಂಥೆಂಥದೋ ಕಾರಲ್ಲ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ರಾಜರು, ಜಮೀನ್ದಾರರು ಇಂಗ್ಲೆಂಡಿನಿಂದ ತರಿಸಿಕೊಂಡ ಭಾರಿ ಕಾರುಗಳು. ನನ್ನ ಕೈಗೆ ಹಾಕಿದ ಪ್ಲಾಸ್ಟರ್ ಒಣಗುವವರೆಗೂ ಅವರು ಅದನ್ನೇ ಹೇಳಿದರು. ಆ ಕಾಲದ ದೊಡ್ಡ ಕಂಪನಿಗಳು ಇಡೀ ಕಾರು ಮಾರುತ್ತಿರಲಿಲ್ಲವಂತೆ. ಎಂಜಿನ್ನು, ನಾಲ್ಕು ಚಕ್ರ, ಅವನ್ನು ಹೊತ್ತ ಕಬ್ಬಿಣದ ಚೌಕಟ್ಟು, ಇಷ್ಟನ್ನೇ ಕೊಡುತ್ತಿದ್ದರಂತೆ. ಅದನ್ನು ಕೊಂಡವನು ಬಾಡಿ ಕಟ್ಟುವ ಬೇರೆ ಮನೆತನದವರ ಬಳಿಗೆ ಒಯ್ದು, ನನಗೆ ಇಂಥ ಬಾಗಿಲಿರಲಿ, ಇಂಥ ಪರದೆಯಿರಲಿ, ಎಲೆಯಡಿಕೆ ಡಬ್ಬಿಗೆ ಇಲ್ಲೊಂದು ಗೂಡಿರಲಿ ಎಂದು ಹೇಳಿ, ಅಂಗಿ ಹೊಲಿಸಿದಂತೆ ಕಾರಿಗೆ ಮೈ ಕಟ್ಟಿಸುತ್ತಿದ್ದನಂತೆ. ಕಂಪನಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮಗೂ ಹುಚ್ಚು ಹಿಡಿದೀತು, ಭಾನುವಾರಗಳು ಹಾಳಾದಾವು.

ಡಾಕ್ಟರು ಇದನ್ನು ಮಂತ್ರೋಪದೇಶದ ಧಾಟಿಯಲ್ಲಿ ಹೇಳಿದರು. ನನಗೆ ಹೊಸದೆನ್ನಿಸಲಿಲ್ಲ. ದುರ್ಗದಲ್ಲಿ ನಮ್ಮ ಮನೆಯಿದ್ದದ್ದು ಹೆದ್ದಾರಿಯ ಪಕ್ಕದಲ್ಲೇ. ಕಾರ್ಖಾನೆಯಿಂದ ಹೊರಟ ಹೊಸ ಲಾರಿಗಳು ಮೈಯಿಲ್ಲದೆ, ಬರೀ ಎಲುಬಿನಲ್ಲಿ, ಸಾಲಾಗಿ ಹೋಗುತ್ತಿದ್ದವು. ಡ್ರೈವರು ಒಂದು ಮರದ ಪೆಟ್ಟಿಗೆಯ ಮೇಲೆ ಬಯಲಲ್ಲೇ ಕೂತು, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕರಿ ಕನ್ನಡಕ ಹಾಕಿ ಓಡಿಸುತ್ತಿದ್ದ. ನಾವು ಹುಡುಗರು ಮಣ್ಣುದಿಬ್ಬದ ಮೇಲೆ ನಿಂತು ಕೂಗುತ್ತಿದ್ದೆವು. ನಮ್ಮಜ್ಜಿ ಮಾತ್ರ, "ಪಾಪ, ಈ ಬಿಸಲಾಗೆ ಬರಿಮೈಲಿ ಕಳಿಸ್ಯಾರೆ, ಯಾರ ಮಕ್ಕಳೋ" ಎಂದು ಮರುಗುತ್ತಿದ್ದಳು. ಲಾರಿಗೋ ಡ್ರೈವರಿಗೋ ಎಂದು ನಾವು ಕೇಳಲಿಲ್ಲ. ಆ ಲಾರಿಗಳಿಗೂ ಮುಂದೆ ಯಾವುದೋ ಊರಿನ ಬಡಗಿ, ಮಾಲೀಕ ಹೇಳಿದ ಹಾಗೆ ಮೈ ಕಟ್ಟುತ್ತಿದ್ದ.

"ಅಂದರೆ ನಮ್ಮ ಲಾರಿಗಳ ಹಾಗೇ ಅನ್ನಿ," ಎಂದೆ.

ಡಾಕ್ಟರ ಮುಖ ಹುಳ್ಳಗಾಯಿತು. ಆವತ್ತಿನ ಮಟ್ಟಿಗೆ ನೋವಿನ ಮಾತ್ರೆ ಬರೆದುಕೊಡುವುದನ್ನು ಮರೆತರು. ಮರೆತದ್ದೇ ಎಂದು ಈಗಲೂ ನಂಬಿದ್ದೇನೆ.

ಆದರೂ ಕನ್ನಡದ ಆಸೆಗೆ ನಾನು ಅವರನ್ನು ಬಿಡಲಿಲ್ಲ, ಕೇಳುವ ಕಿವಿಯ ಆಸೆಗೆ ಅವರು ನನ್ನನ್ನು ಬಿಡಲಿಲ್ಲ. ಋಷಿಕೊಂಡದ ಹತ್ತಿರ, ಸಮುದ್ರ ಕಾಣುವ ಕಡೆ ಅವರೊಂದು ಮನೆ ಕಟ್ಟಿಸಿದ್ದರು. ಮನೆಗಿಂತ ಕಾರಿನ ಶೆಡ್ಡು ದೊಡ್ಡದು. ಭಾನುವಾರ ಅಲ್ಲಿ ಹಳೆಯ ಕಾರುಗಳ ಸಂಘ ಸೇರುತ್ತಿತ್ತು. ನನ್ನನ್ನೂ ಸೇರಿಸಿಕೊಂಡರು, ಕಾರಿಲ್ಲದ ಸದಸ್ಯನಾಗಿ. ಅದರಿಂದ ನನಗೇನೂ ಕೀಳರಿಮೆಯಾಗಲಿಲ್ಲ, ಏಕೆಂದರೆ ಬಂದರಿನ ಒಬ್ಬ ನಿವೃತ್ತ ಅಧಿಕಾರಿಯ ಬಳಿ ಕಾರಿನ ಹೆಡ್‌ಲೈಟು ಮಾತ್ರ ಇತ್ತು. ಅವರು ಅದನ್ನು ಮಗುವಿನ ಹಾಗೆ ಟರ್ಕಿ ಟವೆಲಿನಲ್ಲಿ ಸುತ್ತಿ ತರುತ್ತಿದ್ದರು. ಉಳಿದ ಕಾರಿಗಾಗಿ ಹುಡುಕುತ್ತಿದ್ದೇನೆ ಎನ್ನುತ್ತಿದ್ದರು. ಇನ್ನೊಬ್ಬ ಹೋಟೆಲ್ ಮಾಲೀಕರು ತಮ್ಮ ಕಾರನ್ನು ಹೋಟೆಲಿನ ಹಜಾರದೊಳಗೆ ನಿಲ್ಲಿಸಿ, ಆಮೇಲೆ ಬಾಗಿಲು ಕಟ್ಟಿಸಿದ್ದರು. ಇನ್ನು ಅದು ಹೊರಗೆ ಬರಬೇಕಾದರೆ ಹೋಟೆಲನ್ನು ಕೆಡವಬೇಕು.

ಈ ಸಂಘದ ನಡವಳಿಕೆಗಳನ್ನು ಕಲಿಯಲು ನನಗೆ ಬ್ಯಾಂಕಿನ ಬಡ್ತಿ ಪರೀಕ್ಷೆಗಿಂತ ಹೆಚ್ಚು ಕಾಲ ಹಿಡಿಯಿತು. ಕಾರನ್ನು 'ಅದು' ಎನ್ನುವಂತಿಲ್ಲ, 'ಅವಳು' ಎನ್ನಬೇಕು. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದವನು ಮುಂದಿನ ವಾರ ಬರುವಂತಿಲ್ಲ. ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆವರಿನ ಕೈ ಬಣ್ಣವನ್ನು ತಿನ್ನುತ್ತದಂತೆ. ಹೋದ ಕೂಡಲೇ ಒಂದು ಹಳದಿ ಬಟ್ಟೆ ಕೊಡುತ್ತಾರೆ. ಅದರಲ್ಲೇ ಹಿಡಿಕೆ ಹಿಡಿಯಬೇಕು, ಮನಸ್ಸು ಬಂದರೆ ಒರೆಸಬಹುದು. ಯಾರು ಯಾವ ಭಾಗವನ್ನು ಒರೆಸಬೇಕೆಂಬುದಕ್ಕೆ ಅಂತಸ್ತಿತ್ತು. ಮುಂದಿನ ಬಾನೆಟ್ಟು ಹಳೆಯ ಸದಸ್ಯರಿಗೆ. ನನ್ನ ಪಾಲಿಗೆ ಬಂದದ್ದನ್ನು ಆಗಲೇ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಕಾರನ್ನು ಓಡಿಸುವಂತಿಲ್ಲ. ಬೀಚ್ ರಸ್ತೆಯಲ್ಲಿ ಮೆರವಣಿಗೆಯಿದ್ದರೆ ಲಾರಿಯ ಮೇಲೆ ಹೇರಿಕೊಂಡು ಹೋಗಿ, ಕೊನೆಯ ತಿರುವಿನಲ್ಲಿ ಇಳಿಸಿ, ಜನ ಕಾಣುವಷ್ಟು ದೂರ ಮಾತ್ರ ಓಡಿಸುತ್ತಿದ್ದರು.

"ನೀವು ಕನ್ನಡ ಮಾತಾಡೋಕೆ ಹೋಗ್ತೀರೋ, ಅವರ ಮನೆ ಪಾತ್ರೆ ತಿಕ್ಕೋಕೆ ಹೋಗ್ತೀರೋ?" ಎಂದು ಸುಮಾ ಕೇಳುತ್ತಿದ್ದಳು. ಮನೆಯಲ್ಲಿ ಪಾತ್ರೆ ತಿಕ್ಕದವನಿಗೆ ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕಿರಲಿಲ್ಲ.

ಡಾಕ್ಟರ ಬಳಿ ಒಂದು ಪುಸ್ತಕವಿತ್ತು. ಇಂಗ್ಲೆಂಡಿನಿಂದ ತರಿಸಿದ್ದು, ಹಲಗೆಯಷ್ಟು ಅಗಲ, ಎರಡು ಕೈಯಲ್ಲಿ ಎತ್ತಬೇಕು. ಆ ಕಾಲದ ಕಾರುಗಳ ಬಣ್ಣದ ಚಿತ್ರಗಳು ಅದರಲ್ಲಿದ್ದವು. ಸಂಘದಲ್ಲಿ ಯಾವ ವಾದವೆದ್ದರೂ ಅವರು "ಬುಕ್ಕಲ್ಲಿ ಎಲ್ಲೈತೆ ತೋರ್ಸಿ" ಎನ್ನುತ್ತಿದ್ದರು. ಬುಕ್ಕಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಅವರ ಬಳಿ ಆಗ ಇದ್ದದ್ದು ಒಂದು ಸಾಧಾರಣ ಹಳೆ ಕಾರು, ಕಾರ್ಖಾನೆಯಲ್ಲೇ ಮೈ ಪಡೆದದ್ದು. ಅದನ್ನು ಒರೆಸಿ ಒರೆಸಿ ನಾವು ತೆಳ್ಳಗೆ ಮಾಡಿದ್ದೆವು. ಅವರಿಗೆ ಬೇಕಾಗಿದ್ದದ್ದು ಪುಸ್ತಕದೊಳಗಿನ ಕಾರು, ಹೇಳಿ ಕಟ್ಟಿಸಿದ ಮೈಯಿರುವ ಕಾರು.

ಅದು ವಿಜಯವಾಡದ ಕಡೆ ಸಿಕ್ಕಿತು. ಸಿಕ್ಕಿತೆಂದು ಕೇಳಿದ ದಿನ ಅವರು ಆಸ್ಪತ್ರೆಯಿಂದ ಬ್ಯಾಂಕಿಗೇ ಬಂದು, ಕೌಂಟರಿನ ಮುಂದೆ ನಿಂತು, ನನಗೆ ರಜಾ ಹಾಕಿಸಿದರು. ರೈಲಿನಲ್ಲಿ ಪುಸ್ತಕಕ್ಕೇ ಕಿಟಕಿಯ ಪಕ್ಕದ ಜಾಗ.

ಕಾರಿನ ಒಡತಿ ಸುಭದ್ರಮ್ಮ. ಕೃಷ್ಣಾ ತೀರದ ಒಬ್ಬ ಜಮೀನ್ದಾರರ ಮೊಮ್ಮಗಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ವಿಜಯವಾಡದ ಸತ್ಯನಾರಾಯಣಪುರಂನಲ್ಲಿ ಚಿಕ್ಕ ಮನೆ. ತಾತನ ಆಸ್ತಿಯೆಲ್ಲ ಕರಗಿ ಉಳಿದದ್ದು ಇಬ್ರಾಹಿಂಪಟ್ನಂ ಹತ್ತಿರದ ಒಂದು ನಿಂಬೆತೋಟ, ತೋಟದ ಶೆಡ್ಡಿನಲ್ಲಿ ಈ ಕಾರು. ತೋಟವನ್ನೂ ಮಾರಿದ್ದರಿಂದ ಕಾರಿಗೆ ಜಾಗವಿರಲಿಲ್ಲ. ಈಗಾಗಲೇ ಇಬ್ಬರು ಕೇಳಿ ಹೋಗಿದ್ದರು. ಒಬ್ಬನಿಗೆ ರೆಸಾರ್ಟಿನ ಮುಂದೆ ಕಾರಂಜಿಯ ನಡುವೆ ನಿಲ್ಲಿಸಲು ಬೇಕಾಗಿತ್ತು. ಇನ್ನೊಬ್ಬ ಸಿನಿಮಾದವನಿಗೆ ಗುಡ್ಡದಿಂದ ಉರುಳಿಸಲು. ಇಬ್ಬರಿಗೂ ಆಕೆ ಕಾಫಿ ಕೊಟ್ಟು ಕಳಿಸಿದ್ದರು.

ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಏನೂ ಕಾಣಲಿಲ್ಲ. ಪಕ್ಕದಲ್ಲೇ ಥರ್ಮಲ್ ಸ್ಟೇಷನ್. ಅದರ ಬೂದಿ ವರ್ಷಗಟ್ಟಲೆ ಸಂದಿಗೊಂದಿಯಿಂದ ಇಳಿದು ಕಾರು ಮೈತುಂಬ ವಿಭೂತಿ ಬಳಿದುಕೊಂಡಿತ್ತು. ಒಂದು ಕಡೆ ಒರೆಸಿದಾಗ ಒಳಗಿಂದ ಕಡು ಹಸಿರು ಬಣ್ಣ ಕಾಣಿಸಿತು. ನಾನು ಕಾರಿನ ಭಕ್ತನಲ್ಲ. ಆದರೂ ಸುಮ್ಮನೆ ನಿಂತುಬಿಟ್ಟೆ. ಉದ್ದನೆಯ ಮೂತಿ, ಹಿಂದಿನ ಕಿಟಕಿಗೆ ಮಾಸಿದ ರೇಷ್ಮೆ ಪರದೆ, ಸೀಟಿನ ಪಕ್ಕ ಎಲೆಯಡಿಕೆಯ ಗೂಡು, ಎಲ್ಲಕ್ಕೂ ಮೇಲೆ ಒಂದು ವಿಚಿತ್ರವಾದ ಎತ್ತರದ ಸೂರು. ಪಲ್ಲಕ್ಕಿಯನ್ನು ತಂದು ಚಕ್ರದ ಮೇಲೆ ಕೂರಿಸಿದಂತಿತ್ತು.

ಡಾಕ್ಟರು ಆಗಲೇ ಕಾರಿನ ಕೆಳಗೆ ಅಂಗಾತ ಮಲಗಿ, ಚಾಸಿಸ್ ನಂಬರು ಹುಡುಕುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಬೂಟುಗಳು ಮಾತ್ರ. ಸುಭದ್ರಮ್ಮ ಆ ಬೂಟುಗಳನ್ನೂ ನನ್ನನ್ನೂ ಉದ್ದೇಶಿಸಿ, ನಿಧಾನವಾದ ತೆಲುಗಿನಲ್ಲಿ, ನನಗೂ ಅರ್ಥವಾಗುವಂತೆ ಹೇಳಿದರು.

"ನಮ್ಮ ತಾತಯ್ಯ ಮನೆಯ ಹೊರಗೆ ತಲೆಯ ಮೇಲಿನ ರುಮಾಲು ತೆಗೆದವರಲ್ಲ. ಮೊದಲು ಬಂದ ಕಾರಿನಲ್ಲಿ ಅದು ಸೂರಿಗೆ ತಗುಲಿ ಓರೆಯಾಗುತ್ತಿತ್ತಂತೆ. ಊರ ಜನರೆದುರು ತಲೆ ಬಗ್ಗಿಸಿಕೊಂಡು ಹೇಗೆ ಹೋಗುವುದು? ಮನೆಯ ದರ್ಜಿಯನ್ನು ಕರೆಸಿ, ಕುರ್ಚಿಯಲ್ಲಿ ಕೂತು, ಕೂತ ಜಾಗದಿಂದ ರುಮಾಲಿನ ತುದಿಯವರೆಗೆ ದಾರ ಹಿಡಿಸಿದರು. ಆ ದಾರವನ್ನು ಅಲ್ಲಿಗೇ ಕತ್ತರಿಸಿ, ಲಕೋಟೆಯಲ್ಲಿಟ್ಟು ಇಂಗ್ಲೆಂಡಿಗೆ ಕಳಿಸಿದರು. ಅದರ ಅಳತೆಗೆ ಅಲ್ಲಿಯವರು ಇದನ್ನು ಕಟ್ಟಿದರು."

ಆಮೇಲೆ ಸ್ವಲ್ಪ ನಾಚಿಕೊಂಡು ಸೇರಿಸಿದರು.

"ಸಣ್ಣವಳಿದ್ದಾಗ ನಾನು ಇದರಲ್ಲಿ ಕೂತದ್ದೇ ಇಲ್ಲ. ತಾತಯ್ಯನ ಮೊಣಕಾಲು ಹಿಡಿದು ನಿಂತೇ ಹೋಗುತ್ತಿದ್ದೆ. ಇದು ಓಡುವ ಹಾಗಾದ ದಿನ ನನ್ನನ್ನು ಕರೆಯಿರಿ ಬಾಬೂ. ಒಂದು ಸಲ ಒಳಗೆ ಹತ್ತಿ ಇಳಿಯುತ್ತೇನೆ. ಬೇರೇನೂ ಬೇಡ. ಇದು ಮಾತ್ರ ಹೀಗೇ ಇರಬೇಕು."

"ಉನ್ನದಿ ಉನ್ನಟ್ಟೇ ಉಂಚುತಾನಮ್ಮಾ," ಇರುವುದನ್ನು ಇರುವ ಹಾಗೇ ಇಡುತ್ತೇನೆ ಎಂದು, ಕಾರಿನ ಕೆಳಗಿನಿಂದ ಮಾತು ಬಂತು. ಬೂಟುಗಳು ಸಹ ಒಮ್ಮೆ ಅಲುಗಾಡಿದವು. ಆಕೆಗೆ ಅಷ್ಟು ಸಾಕಾಯಿತು. ಡಾಕ್ಟರ ಮಾತಲ್ಲವೇ.

ಕಾರು ಲಾರಿಯೇರಿ ಋಷಿಕೊಂಡಕ್ಕೆ ಬಂತು. ಮುಂದಿನ ವರ್ಷಗಳನ್ನು ನಾನು ವಿವರಿಸುವುದಿಲ್ಲ. ಎಂಜಿನ್ನನ್ನು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಒಂದು ಸ್ಕ್ರೂ ಇಂಗ್ಲೆಂಡಿನಿಂದ ಬರುವವರೆಗೆ ಇಡೀ ಸಂಘ ಗರ್ಭಿಣಿಯ ಮನೆಯವರ ಹಾಗೆ ಕಾಯಿತು. ಹಬ್ಬ ಬಂದಾಗ ಸುಭದ್ರಮ್ಮ ಆಸ್ಪತ್ರೆಗೆ ಫೋನ್ ಮಾಡಿ, "ನಮ್ಮ ಕಾರು ಹೇಗಿದೆ ಬಾಬೂ?" ಎಂದು ಕೇಳುತ್ತಿದ್ದರು. ಒಳಗೆ ದಾಖಲಾದ ನೆಂಟರ ಆರೋಗ್ಯ ವಿಚಾರಿಸುತ್ತಿದ್ದಾರೆಂದು ರಿಸೆಪ್ಷನ್ನಿನ ಹುಡುಗಿ ತಿಳಿದಿದ್ದಳು.

ಎಂಜಿನ್ನು ಉಸಿರಾಡತೊಡಗಿದ ಮೇಲೆ ಡಾಕ್ಟರ ಕಣ್ಣು ಸೂರಿನ ಮೇಲೆ ಬಿತ್ತು. ಪುಸ್ತಕ ತೆಗೆದರು. ಅದೇ ಕಂಪನಿಯ, ಅದೇ ವರ್ಷದ, ಅದೇ ಮನೆತನ ಮೈ ಕಟ್ಟಿದ ಕಾರಿನ ಚಿತ್ರ ಅದರಲ್ಲಿತ್ತು. ಅದರ ಸೂರು ತಗ್ಗಾಗಿ, ನಾಜೂಕಾಗಿ, ಹಿಂದಕ್ಕೆ ಇಳಿದಿತ್ತು. ಬಣ್ಣ ಕೆನೆ ಮತ್ತು ಕಡುಗೆಂಪು. ಅವರು ಚಿತ್ರವನ್ನೂ ಕಾರನ್ನೂ ಎಕ್ಸ್‌ರೇ ನೋಡುವಂತೆ ನೋಡಿದರು.

"ಇದು ಒರಿಜಿನಲ್ ಅಲ್ಲ ಕಣ್ರೀ. ಯಾವನೋ ಲೋಕಲ್ ಬಡಗಿ ಆಮೇಲೆ ಎತ್ತರಿಸ್ಯಾನೆ."

"ಡಾಕ್ಟ್ರೇ, ರುಮಾಲಿಗೆ ಅಂತ ಆಯಮ್ಮ ಹೇಳಿದರಲ್ಲ. ದಾರ ಕಳಿಸಿದ್ದು."

"ಯಾವ ದಾರ? ಮುದುಕ್ರು ಏನೇನೋ ಹೇಳ್ತಾರಂಡಿ. ಬುಕ್ಕಲ್ಲಿ ಎಲ್ಲೈತೆ ತೋರ್ಸಿ."

"ಅವರಿಗೆ ಮಾತು ಕೊಟ್ಟಿದ್ದೀರಿ, ಹೀಗೇ ಇಡ್ತೀನಿ ಅಂತ."

"ಅದ್ಕೇ ಮಾಡ್ತಿರೋದು. ಒರಿಜಿನಲ್‌ಗೆ ತರ್ತೀನಿ. ನೋಡಿ, ಮೂಳೆ ಮುರಿದಾಗ ನಾಟಿ ವೈದ್ಯ ಓರೆ ಕಟ್ಟಿಬಿಟ್ಟಿರ್ತಾನೆ. ಅದು ಹಂಗೇ ಕೂಡಿಕೊಂಡಿರ್ತೈತೆ. ನಾವು ಏನ್ ಮಾಡ್ತೀವಿ? ಮತ್ತೆ ಮುರಿದು ನೆಟ್ಟಗೆ ಕೂಡಿಸ್ತೀವಿ. ಇದೂ ಅಷ್ಟೇ ಕದಾ?"

ಹೆಡ್‌ಲೈಟಿನ ಅಧಿಕಾರಿಗಳು ಹೌದೆಂದರು. ಹೋಟೆಲಿನವರು ಹೌದೆಂದರು. ಸಂಘದಲ್ಲಿ ಮಡ್ಗಾರ್ಡಿನವನ ಮಾತಿಗೆ ಎಷ್ಟು ಬೆಲೆಯಿರುತ್ತದೆಯೋ ನನ್ನ ಮಾತಿಗೆ ಅಷ್ಟೇ ಬೆಲೆ ಸಿಕ್ಕಿತು.

ಮೈ ಕತ್ತರಿಸುವ ಕೆಲಸಕ್ಕೆ ವಿಜಯವಾಡದ ಆಟೋನಗರವೇ ಸರಿಯೆಂದು ತೀರ್ಮಾನವಾಯಿತು. ಆಟೋನಗರವೆಂದರೆ ಆಂಧ್ರದ ಅರ್ಧ ಲಾರಿಗಳಿಗೆ ಮೈ ಕಟ್ಟಿದ ಜಾಗ. ಬೀದಿಬೀದಿಯಲ್ಲಿ ಬೆತ್ತಲೆ ಚಾಸಿಸ್‌ಗಳು, ಸುತ್ತಿಗೆಯ ಸದ್ದು, ಹೊಸ ಬಣ್ಣದ ವಾಸನೆ. ನನಗೆ ಊರಿನ ಹೆದ್ದಾರಿ ನೆನಪಾಯಿತು. ಲಾರಿಗಳ ಹೋಲಿಕೆಗೆ ಮುನಿಸಿಕೊಂಡಿದ್ದ ಡಾಕ್ಟರು ಈಗ ಲಾರಿಗಳ ನಡುವೆಯೇ ತಮ್ಮ ಮಹಾರಾಣಿಯನ್ನು ಇಳಿಸಿದರು. ಮೇಸ್ತ್ರಿ ಬಾಷಾ ಉತ್ಸಾಹಿ ಮನುಷ್ಯ. ಸೂರು ಕೊಯ್ಯುವುದು ಅವನಿಗೆ ಒಂದು ಮಧ್ಯಾಹ್ನದ ಕೆಲಸ. ಅದಾದ ಮೇಲೆ ಹಿಂಬದಿಗೆ ಎರಡು ಗಿಳಿಗಳನ್ನೂ ನಡುವೆ ಒಂದು ಕಮಲವನ್ನೂ ಬರೆದುಕೊಡುತ್ತೇನೆ, ಅದಕ್ಕೆ ಬೇರೆ ಚಾರ್ಜಿಲ್ಲ ಎಂದ. ಡಾಕ್ಟರು ಅವನಿಗೆ ಪುಸ್ತಕ ತೋರಿಸಿದರು. ಅವನು ಚಿತ್ರ ನೋಡಿ, "ಇದಕ್ಕಿಂತ ನಿಮ್ಮದೇ ಗಾಳಿಯಾಡುವ ಹಾಗಿದೆ ಸಾರ್. ಆದರೂ ನಿಮ್ಮಿಷ್ಟ," ಎಂದು ಗರಗಸ ಎತ್ತಿಕೊಂಡ.

ನಾನು ನೋಡಲಾರದೆ ಎದುರಿನ ಚಹಾ ಅಂಗಡಿಯಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊತ್ತು ಹೋಗದೆ ಓದತೊಡಗಿದೆ. ಇಷ್ಟು ವರ್ಷದಲ್ಲಿ ಆ ಪುಸ್ತಕದ ಅಕ್ಷರಗಳನ್ನು ನಮ್ಮ ಸಂಘದಲ್ಲಿ ಯಾರೂ ಓದಿರಲಿಲ್ಲ. ಚಿತ್ರಗಳನ್ನು ನೋಡುತ್ತಿದ್ದರು, ಚಿತ್ರದ ಕೆಳಗಿನ ಒಂದು ಸಾಲು ಓದುತ್ತಿದ್ದರು. ಮುನ್ನುಡಿಯ ಮೊದಲ ಪುಟದಲ್ಲೇ ಲೇಖಕರು ಸ್ಪಷ್ಟವಾಗಿ ಹೇಳಿದ್ದರು. ಈ ಬಗೆಯ ಕಾರುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದೂ ಒಬ್ಬ ಮನುಷ್ಯನಿಗೆಂದೇ ಕಟ್ಟಿದ್ದು. ಇಲ್ಲಿರುವ ಚಿತ್ರಗಳನ್ನು ಉಳಿದವಕ್ಕೆ ಅಳತೆಗೋಲು ಮಾಡಿಕೊಳ್ಳಬಾರದು.

ನಾನು ಪುಸ್ತಕವನ್ನು ಎತ್ತಿಕೊಂಡು ಓಡಿದೆ. ಗರಗಸ ಆಗಲೇ ಮೂರು ಬದಿ ಮುಗಿಸಿತ್ತು. ಡಾಕ್ಟರಿಗೆ ಆ ಸಾಲುಗಳನ್ನು ತೋರಿಸಿದೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಪುಸ್ತಕವನ್ನು ಮುಚ್ಚಿದರು.

"ಅದು ಮುನ್ನುಡಿ. ಮುನ್ನುಡೀನ ಯಾರು ಓದ್ತಾರಂಡಿ?"

ಕೊಯ್ದು ತೆಗೆದ ಪಟ್ಟಿ ಸ್ವಲ್ಪ ಹೊತ್ತು ನೆಲದ ಮೇಲೆ ಬಿದ್ದಿತ್ತು. ಒಳಮೈಗೆ ಅಂಟಿದ ರೇಷ್ಮೆ ಬಟ್ಟೆ ಮಾಸಿತ್ತೇ ಹೊರತು ಹರಿದಿರಲಿಲ್ಲ. ನಾವು ಹೊರಡುವ ವೇಳೆಗೆ ಚಹಾ ಅಂಗಡಿಯವನು ಅದನ್ನು ಎತ್ತಿಕೊಂಡು ಹೋಗಿ ಒಲೆಗೆ ಗಾಳಿ ಮರೆ ಮಾಡಿಕೊಂಡಿದ್ದ. ಅಷ್ಟು ಕುಲೀನವಾದ ಗಾಳಿ ಮರೆ ಆಟೋನಗರದಲ್ಲಿ ಬೇರೆ ಇರಲಿಕ್ಕಿಲ್ಲ.

ಸೂರು ತಗ್ಗಿದ ಮೇಲೆ ಉಳಿದದ್ದು ತಾನಾಗಿಯೇ ನಡೆಯಿತು. ಪುಸ್ತಕದ ಕಾರಿಗೆ ಪರದೆ ಇರಲಿಲ್ಲ, ಪರದೆಗಳು ಹೋದವು. ಅದಕ್ಕೆ ಎಲೆಯಡಿಕೆಯ ಗೂಡಿರಲಿಲ್ಲ, ಗೂಡು ಹೋಯಿತು. ಹಸಿರು ಹೋಗಿ ಕೆನೆಯೂ ಕೆಂಪೂ ಬಂದವು. ಪ್ರತಿಯೊಂದನ್ನು ಕಿತ್ತಾಗಲೂ ಡಾಕ್ಟರು "ಈಗ ಒರಿಜಿನಲ್‌ಗೆ ಹತ್ರ ಬಂತು" ಎನ್ನುತ್ತಿದ್ದರು. ಭಾನುವಾರ ಮಡ್ಗಾರ್ಡು ಒರೆಸುವಾಗ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಕಾಣಬೇಕಾದ ಮುಖವೇನೂ ಅಲ್ಲ.

ಕೊನೆಗೆ ವಿಜಯವಾಡದ ಒಂದು ಕಾಲೇಜು ಮೈದಾನದಲ್ಲಿ ಸಂಘಗಳೆಲ್ಲ ಸೇರಿ ಪ್ರದರ್ಶನ ಇಟ್ಟುಕೊಂಡವು. ಡಾಕ್ಟರು ತಾವೇ ಸುಭದ್ರಮ್ಮನ ಮನೆಗೆ ಹೋಗಿ, ಕಾರು ತಯಾರಾಗಿದೆ, ಬನ್ನಿ, ಹತ್ತಿ ಕೂರಿ ಎಂದು ಕರೆದು ಬಂದರು. ಆ ಮನುಷ್ಯನಲ್ಲಿ ಕೆಟ್ಟತನವಿರಲಿಲ್ಲ. ಆಕೆಗೆ ಸಂತೋಷವಾಗುತ್ತದೆಂದು ನಿಜವಾಗಿಯೂ ನಂಬಿದ್ದರು. ನನಗೆ ಸಿಟ್ಟು ಬರುವುದು ಅದಕ್ಕೇ.

ತೀರ್ಪುಗಾರರು ಕಲ್ಕತ್ತೆಯಿಂದ ಬಂದಿದ್ದರು. ವಿಜಯವಾಡದ ಬಿಸಿಲಿನಲ್ಲಿ ಉಣ್ಣೆಯ ಕೋಟು, ಕುತ್ತಿಗೆಗೆ ಟೈ, ಕಂಕುಳಲ್ಲಿ ಅದೇ ಪುಸ್ತಕ. ಅವರು ನಮ್ಮ ಕಾರಿನ ಮುಂದೆ ನಿಂತು ಪುಸ್ತಕದ ಅದೇ ಪುಟ ತೆರೆದರು. ಚಿತ್ರ ನೋಡಿದರು, ಕಾರು ನೋಡಿದರು, ಬಗ್ಗಿ ನೋಡಿದರು, ಮತ್ತೆ ಚಿತ್ರ ನೋಡಿದರು. ಬೆವರೊರೆಸಿಕೊಂಡು, ಇಂಥ ಅಚ್ಚುಕಟ್ಟಾದ ಒರಿಜಿನಲ್ ಕಾರನ್ನು ತಾವು ಈ ದೇಶದಲ್ಲೇ ಕಂಡಿಲ್ಲವೆಂದು ಘೋಷಿಸಿದರು. ಡಾಕ್ಟರಿಗೆ ಮೊದಲ ಬಹುಮಾನ ಬಂತು. ಬಹುಮಾನದ ಕಪ್ಪು ಎಷ್ಟು ದೊಡ್ಡದಿತ್ತೆಂದರೆ, ಹೆಡ್‌ಲೈಟಿನವರು ತಮ್ಮ ಕೂಸನ್ನು ಕೆಳಗಿಟ್ಟು ಎತ್ತಲು ಕೈ ಜೋಡಿಸಬೇಕಾಯಿತು.

ಸುಭದ್ರಮ್ಮ ಬಂದದ್ದು ಇದೆಲ್ಲ ಮುಗಿದ ಮೇಲೆ. ಆಟೋದಿಂದ ಇಳಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಮಂಗಳಗಿರಿ ಸೀರೆ, ಮುಡಿಯಲ್ಲಿ ಒಂದು ಎಳೆ ಮಲ್ಲಿಗೆ. ಡಾಕ್ಟರು ಕಪ್ಪನ್ನು ಹುಲ್ಲಿನ ಮೇಲಿಟ್ಟು ಓಡಿ, ಆಕೆಯ ಕೈ ಹಿಡಿದು ಕರೆತಂದು, ಕಾರಿನ ಮುಂದೆ ನಿಲ್ಲಿಸಿ, ಹಿಂದಿನ ಬಾಗಿಲನ್ನು ಬರಿಗೈಯಲ್ಲೇ ತೆರೆದರು.

ಆಕೆ ಕಾರನ್ನು ಒಮ್ಮೆ ಸುತ್ತಿ ಬಂದರು. ಬೇರೆಯವರ ಮನೆಯ ಮದುವೆಗೆ ಬಂದವರು ವಧುವನ್ನು ನೋಡುವಂತೆ ನೋಡಿದರು.

"ತುಂಬಾ ಚೆನ್ನಾಗಿದೆ ಬಾಬೂ. ಯಾರದ್ದು?"

ಡಾಕ್ಟರು ತಮಾಷೆಯೆಂದು ನಕ್ಕರು. ಆಕೆ ನಗಲಿಲ್ಲ. ಕೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು ಸಾಲಿನ ಕೊನೆಯವರೆಗೂ ನೋಡಿದರು.

"ನಮ್ಮದನ್ನ ಎಲ್ಲಿ ನಿಲ್ಲಿಸಿದ್ದೀರಿ? ಬಿಸಿಲಲ್ಲಿ ನಿಲ್ಲಿಸಿಲ್ಲ ತಾನೆ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ತೆರೆದ ಬಾಗಿಲನ್ನು ಅವರು ಮೆಲ್ಲಗೆ ಮುಚ್ಚಿದರು.

"ನಿಮ್ಮದು ವೈಜಾಗ್‌ನಲ್ಲೇ ಇದೆ ಅಮ್ಮಾ," ಎಂದರು. "ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ. ಇದು ಬೇರೆ ಕಾರು."

ಆ ಕಾರಿನ ಬಗ್ಗೆ ಇಷ್ಟು ವರ್ಷ ಅವರು ಆಡಿದ ಮಾತುಗಳಲ್ಲಿ ನಿಜವಾದದ್ದು ಆ ಕೊನೆಯ ಮಾತೊಂದೇ. ಸುಭದ್ರಮ್ಮನ ಮುಖ ಸ್ವಲ್ಪ ಬಾಡಿ, ತಕ್ಷಣ ಗೆಲುವಾಯಿತು. ತಮ್ಮ ಕಾರು ಎಲ್ಲೋ ಇದೆ ಎಂಬ ಸಮಾಧಾನ ನನಗೆ ಎದ್ದು ಕಂಡಿತು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದು ಡಾಕ್ಟರ ಅಂಗೈಯಲ್ಲಿಟ್ಟರು.

"ಬೆಳಿಗ್ಗೆ ಬೆಟ್ಟ ಹತ್ತಿ ದುರ್ಗಮ್ಮನ ಕುಂಕುಮ ತಂದಿದ್ದೆ, ಕಾರಿಗೆ ಹಚ್ಚೋಣ ಅಂತ. ನೀವೇ ತೆಗೆದುಕೊಂಡು ಹೋಗಿ ನಮ್ಮ ಕಾರಿಗೆ ಹಚ್ಚಿಬಿಡಿ. ಅವಸರ ಮಾಡಿಸಬೇಡಿ ಬಾಬೂ. ನಿಧಾನವಾದರೂ ಪರವಾಗಿಲ್ಲ, ಇದ್ದ ಹಾಗೇ ಇರಲಿ."

ಆಟೋ ಕಾದೇ ಇತ್ತು. ಆಕೆ ಹತ್ತಿ ಹೋದರು. ಫೋಟೋಕ್ಕೆ ಎಲ್ಲರೂ ಡಾಕ್ಟರನ್ನು ಕರೆಯುತ್ತಿದ್ದರು. ತೀರ್ಪುಗಾರರು ಕೋಟಿನ ಗುಂಡಿ ಹಾಕಿಕೊಂಡು ಕಾರಿನ ಪಕ್ಕ ಆಗಲೇ ನಿಂತಿದ್ದರು. ಡಾಕ್ಟರು ಹುಲ್ಲಿನ ಮೇಲಿದ್ದ ಕಪ್ಪನ್ನು ಎತ್ತಲಿಲ್ಲ. ಅಂಗೈ ಮೇಲಿನ ಪೊಟ್ಟಣವನ್ನು ನನ್ನ ಮುಂದೆ ಹಿಡಿದರು. ನನಗೆ ಅವರನ್ನು ಕಂಡು ಪಾಪವೆನ್ನಿಸಿತು, ಆದರೆ ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು. ನಾನು ಕೈ ಚಾಚಲಿಲ್ಲ.

"ಇದನ್ನ ಈಗ ಎಲ್ಲಿ ಹಚ್ಚಲಿ, ಹೇಳ್ರೀ," ಎಂದರು.